ರಿಪೋರ್ಟ್ ನಾರ್ಮಲ್, ಹೊಟ್ಟೆ ಮಾತ್ರ ಅಲ್ಲ

ಕ್ಲಾಸ್‌ನಲ್ಲಿ ನಾನು ಯಾವಾಗಲೂ ಬಾಗಿಲ ಪಕ್ಕದ ಬೆಂಚಲ್ಲೇ ಕೂರ್ತೀನಿ. ಬಂಕ್ ಮಾಡೋಕೆ ಈಸಿ ಅಂತ ಫ್ರೆಂಡ್ಸ್ ಅಂದ್ಕೊಂಡಿದ್ದಾರೆ. ನಿಜವಾದ ಕಾರಣ ಏನಂದ್ರೆ, ಅಲ್ಲಿಂದ ಟಾಯ್ಲೆಟ್‌ಗೆ ಮೂವತ್ತೇ ಹೆಜ್ಜೆ. ನನಗೆ ಐಬಿಎಸ್ ಇದೆ, ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್. ಇದನ್ನ ಇಷ್ಟು ದಿನ ಇಬ್ಬರು ಫ್ರೆಂಡ್ಸ್‌ಗೆ ಮಾತ್ರ ಹೇಳಿದ್ದೆ. ಆದರೆ ಪ್ರಪಂಚದಲ್ಲಿ ನೂರಕ್ಕೆ ಸುಮಾರು 5ರಿಂದ 10 ಜನರಿಗೆ ಈ ತೊಂದರೆ ಇದೆಯಂತೆ. ಹಾಗಾದರೆ ಅರವತ್ತು ಜನರ ನಮ್ಮ ಸೆಕ್ಷನ್‌ನಲ್ಲಿ ನಾನೊಬ್ಬನೇ ಇರಲಿಕ್ಕಿಲ್ಲ. ಅದಕ್ಕೇ ಬರೀತಿದ್ದೀನಿ.

ಒಳಗೆ ಏನಾಗುತ್ತೆ?

ಫಸ್ಟ್ ಸೆಮ್‌ನಲ್ಲಿ ನನಗೆ ಒಂದು ವಾರ ವಾಂತಿ, ಭೇದಿ ಆಗಿತ್ತು. ಅದು ವಾಸಿಯಾಯ್ತು, ಹೊಟ್ಟೆ ಮಾತ್ರ ಮೊದಲಿನಂತಾಗಲಿಲ್ಲ. ಕರುಳಿನ ಇಂಥ ಸೋಂಕಾದವರಲ್ಲಿ ಸುಮಾರು ಹತ್ತಕ್ಕೆ ಒಬ್ಬರಿಗೆ ಆಮೇಲೆ ಐಬಿಎಸ್ ಶುರುವಾಗುತ್ತೆ. ಉಳಿದವರಿಗೆ ಬೇರೆ ಬೇರೆ ಕಾರಣ.

ಕರುಳಿನ ಗೋಡೆಯಲ್ಲಿ 10 ಕೋಟಿಗೂ ಹೆಚ್ಚು ನರಕೋಶಗಳಿವೆ. ಅವು ಮೆದುಳಿನ ಜೊತೆ ಸದಾ ಮಾತಾಡ್ತಾನೇ ಇರುತ್ತವೆ. ಐಬಿಎಸ್‌ನಲ್ಲಿ ಕೆಟ್ಟಿರೋದು ಈ ಮಾತುಕತೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಸೆನ್ಸರ್ ಸರಿಯಾಗೇ ಇದೆ, ಆಂಪ್ಲಿಫೈಯರ್ ಗೇನ್ ಜಾಸ್ತಿಯಾಗಿದೆ. ಬೇರೆಯವರಿಗೆ ಗೊತ್ತೇ ಆಗದಷ್ಟು ಗ್ಯಾಸ್ ನನಗೆ ಹೊಟ್ಟೆ ಹಿಂಡಿದ ಹಾಗಾಗುತ್ತೆ. ಟೆನ್ಷನ್ ಆದರೆ ಗೇನ್ ಇನ್ನೂ ಏರುತ್ತೆ, ನೋವಿನಿಂದ ಟೆನ್ಷನ್ ಹೆಚ್ಚುತ್ತೆ. ಪಕ್ಕಾ ಪಾಸಿಟಿವ್ ಫೀಡ್‌ಬ್ಯಾಕ್ ಲೂಪ್!

ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ನಾರ್ಮಲ್ ಬರೋದು ಅದಕ್ಕೇ. ಡಾಕ್ಟರ್‌ಗಳು ಲಕ್ಷಣ ನೋಡಿ ಗುರುತಿಸ್ತಾರೆ. 2016ರ 'ರೋಮ್ 4' ಮಾನದಂಡದ ಪ್ರಕಾರ ಕಳೆದ ಮೂರು ತಿಂಗಳಲ್ಲಿ ಸರಾಸರಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು ಇರಬೇಕು. ನೋವಿಗೂ ಮಲವಿಸರ್ಜನೆಗೂ ಸಂಬಂಧ ಇರೋದು, ಎಷ್ಟು ಸಲ ಹೋಗ್ತೀವಿ ಅನ್ನೋದು ಬದಲಾಗೋದು, ಮಲದ ರೂಪ ಬದಲಾಗೋದು, ಈ ಮೂರರಲ್ಲಿ ಎರಡಾದರೂ ಜೊತೆಗಿರಬೇಕು. ಲಕ್ಷಣ ಶುರುವಾಗಿ ಆರು ತಿಂಗಳು ಕಳೆದಿರಬೇಕು. ಕೆಲವರಿಗೆ ಭೇದಿ, ಕೆಲವರಿಗೆ ಮಲಬದ್ಧತೆ, ಕೆಲವರಿಗೆ ಎರಡೂ.

ಒಂದು ಎಚ್ಚರಿಕೆ: ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯೋದು, ಜ್ವರ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸೋ ಭೇದಿ ಇದ್ದರೆ ಐಬಿಎಸ್ ಅಂತ ನೀವೇ ತೀರ್ಮಾನ ಮಾಡಬೇಡಿ. ಬೇಗ ಡಾಕ್ಟರ್‌ಗೆ ತೋರಿಸಿ.

ಮನೆಯಲ್ಲಿ

ನಮ್ಮೂರು ತರೀಕೆರೆ. ಮನೆಗೆ ಹೋದಾಗ ಅಜ್ಜಿ ದೃಷ್ಟಿ ತೆಗೆದರು. ಅಮ್ಮ ಹಾಸ್ಟೆಲ್ ಊಟಕ್ಕೆ ಬೈದರು. ಅಪ್ಪ ರಿಪೋರ್ಟ್ ನೋಡಿ, "ಎಲ್ಲಾ ನಾರ್ಮಲ್ ಇದೆಯಲ್ಲೋ, ಎಕ್ಸಾಮ್ ಭಯ ಅಷ್ಟೇ" ಅಂದರು. ಆ 'ಅಷ್ಟೇ' ಅನ್ನೋ ಮಾತು ನೋವಿಗಿಂತ ಜಾಸ್ತಿ ಚುಚ್ಚಿತು. ಅಕ್ಕನ ನಿಶ್ಚಿತಾರ್ಥದಲ್ಲಿ ಹೋಳಿಗೆ ಬೇಡ ಅಂದಿದ್ದಕ್ಕೆ ದೊಡ್ಡಪ್ಪ, "ಬೆಂಗಳೂರಿಗೆ ಹೋದ್ಮೇಲೆ ನಮ್ಮ ಊಟ ಸೇರಲ್ವೇನಪ್ಪಾ" ಅಂತ ಪಂಕ್ತಿಯಲ್ಲೇ ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆಮೇಲೆ ಒಂದು ಗಂಟೆ ರೂಮಿಂದ ಆಚೆ ಬರಲಿಲ್ಲ.

ಮುಂದಿನ ಸಲ ಅಪ್ಪನನ್ನ ಡಾಕ್ಟರ್ ಹತ್ತಿರ ಜೊತೆಗೇ ಕರ್ಕೊಂಡು ಹೋದೆ. "ನೋವು ಸುಳ್ಳಲ್ಲ ಸರ್, ಆದರೆ ಅಪಾಯದ ಕಾಯಿಲೆನೂ ಅಲ್ಲ" ಅಂತ ಅವರ ಬಾಯಲ್ಲೇ ಕೇಳಿದ ಮೇಲೆ ಅಪ್ಪ ಸುಮ್ಮನಾದರು. ವಾಪಸ್ ಬರುವಾಗ, "ಬಸ್ಸಲ್ಲಿ ಕಷ್ಟ ಆಗುತ್ತಾ?" ಅಂತ ಒಂದೇ ಪ್ರಶ್ನೆ ಕೇಳಿದರು. ಅವತ್ತಿಂದ ನನ್ನ ರೈಲು ಟಿಕೆಟ್ ಅವರೇ ಬುಕ್ ಮಾಡ್ತಾರೆ. ರೈಲಲ್ಲಿ ಟಾಯ್ಲೆಟ್ ಇರುತ್ತಲ್ಲ.

ನನಗೆ ಉಪಯೋಗಕ್ಕೆ ಬಂದದ್ದು

ಮೊದಲನೆಯದು ಡೈರಿ. ಏನು ತಿಂದೆ, ಎಷ್ಟು ನಿದ್ದೆ, ಟೆನ್ಷನ್ ಇತ್ತಾ, ಹೊಟ್ಟೆ ಹೇಗಿತ್ತು ಅಂತ ಒಂದು ತಿಂಗಳು ಬರೆದೆ.

ಎರಡನೆಯದು ಊಟ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ 'ಲೋ ಫಾಡ್‌ಮ್ಯಾಪ್' ಅನ್ನೋ ಪದ್ಧತಿ ಇದೆ. ಕೆಲವು ಸಕ್ಕರೆ ಅಂಶಗಳು ಸಣ್ಣ ಕರುಳಲ್ಲಿ ಸರಿಯಾಗಿ ಹೀರಿಕೆಯಾಗಲ್ಲ. ಅವು ನೀರು ಎಳ್ಕೊಳ್ಳುತ್ತವೆ, ದೊಡ್ಡ ಕರುಳಿಗೆ ಹೋದಮೇಲೆ ಅಲ್ಲಿನ ಬ್ಯಾಕ್ಟೀರಿಯಾ ಅದರಿಂದ ಗ್ಯಾಸ್ ಮಾಡುತ್ತವೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು, ರಾಜ್ಮಾ, ಸೇಬು ಈ ಗುಂಪಿಗೆ ಸೇರುತ್ತವೆ. ಅನ್ನ, ಕ್ಯಾರೆಟ್, ಸೌತೆಕಾಯಿ ಸಾಮಾನ್ಯವಾಗಿ ತೊಂದರೆ ಕೊಡಲ್ಲ. ಆದರೆ ಎಲ್ಲವನ್ನೂ ಶಾಶ್ವತವಾಗಿ ಬಿಡಬಾರದು. 2ರಿಂದ 6 ವಾರ ಬಿಟ್ಟು, ಆಮೇಲೆ ಒಂದೊಂದಾಗಿ ವಾಪಸ್ ತಂದು ನೋಡಬೇಕು, ಅದೂ ಡಯೆಟಿಷಿಯನ್ ಸಲಹೆ ಕೇಳಿ. ನನಗೆ ಗೋಧಿ ಪರವಾಗಿಲ್ಲ ಅಂತ ಗೊತ್ತಾಯ್ತು, ಬೆಳ್ಳುಳ್ಳಿ ಮಾತ್ರ ಆಗಲ್ಲ. ಈಗ ಅಮ್ಮ ಸಾರಿಗೆ ಇಂಗಿನ ಒಗ್ಗರಣೆ ಹಾಕ್ತಾರೆ. ಎಲ್ಲರೂ ಅದನ್ನೇ ಊಟ ಮಾಡ್ತಾರೆ, ನನಗಂತ ಬೇರೆ ಪಾತ್ರೆ ಇಡಲ್ಲ. ಅದು ನನಗೆ ದೊಡ್ಡ ವಿಷಯ.

ಮೂರನೆಯದು ಬೆಳಗಿನ ಟೈಮಿಂಗ್. ತಿಂದ ಕೂಡಲೇ ದೊಡ್ಡ ಕರುಳು ಚುರುಕಾಗೋದು ಎಲ್ಲರಿಗೂ ಇರೋ ಸಹಜ ಪ್ರತಿಕ್ರಿಯೆ, ನಮಗೆ ಸ್ವಲ್ಪ ಜೋರು. ಅದಕ್ಕೆ ಕ್ಲಾಸ್‌ಗೆ ಒಂದು ಗಂಟೆ ಮುಂಚೆಯೇ ತಿಂಡಿ ಮುಗಿಸ್ತೀನಿ. ಇಸಬ್ಗೋಲ್‌ನಂಥ ಕರಗುವ ನಾರು ಹಲವರಿಗೆ ಸಹಾಯ ಮಾಡುತ್ತೆ, ಸ್ವಲ್ಪದಿಂದ ಶುರುಮಾಡಿ ಚೆನ್ನಾಗಿ ನೀರು ಕುಡೀಬೇಕು. ಮಾತ್ರೆ ಮಾತ್ರ ಡಾಕ್ಟರ್ ಹೇಳಿದ್ದೇ ಇರಲಿ.

ಥರ್ಡ್ ಸೆಮ್‌ನ ಒಂದು ಇಂಟರ್ನಲ್ಸ್‌ನಲ್ಲಿ ನಾನು ಅರ್ಧಕ್ಕೇ ಪೇಪರ್ ಕೊಟ್ಟು ಎದ್ದು ಹೋದೆ. ಆಚೆ ಹೋಗಿ ಬರ್ತೀನಿ ಅಂತ ಕೇಳೋಕೆ ನಾಚಿಕೆ. ಹನ್ನೆರಡು ಮಾರ್ಕ್ಸ್ ಹೋಯ್ತು. ಆಮೇಲೆ ಡಾಕ್ಟರ್ ಲೆಟರ್ ತಗೊಂಡು ಮೆಂಟರ್‌ಗೆ ಹೇಳಿದೆ. ಎರಡು ನಿಮಿಷದ ಮಾತು, ಅಷ್ಟೇ. ಈಗ ಎಕ್ಸಾಮ್‌ನಲ್ಲೂ ಬಾಗಿಲ ಪಕ್ಕದ ಸೀಟೇ ಕೊಡ್ತಾರೆ. ಹೆಚ್ಚಿನ ಸಲ ಏಳೋದೇ ಬೇಕಾಗಲ್ಲ. ಹೋಗಬಹುದು ಅಂತ ಗೊತ್ತಿದ್ದರೆ ಸಾಕು, ಹೊಟ್ಟೆ ಅರ್ಧ ಸುಮ್ಮನಿರುತ್ತೆ.

ನಿಮ್ಮ ರೂಮ್‌ಮೇಟ್ ಟ್ರಿಪ್‌ಗೆ ಬರಲ್ಲ ಅಂದರೆ, ಮೆಸ್‌ನಲ್ಲಿ ಪಲ್ಯ ಪಕ್ಕಕ್ಕಿಟ್ಟರೆ, "ಓವರ್ ಆಕ್ಟಿಂಗ್" ಅನ್ನೋ ಮುಂಚೆ ಒಮ್ಮೆ ಯೋಚಿಸಿ. ಮತ್ತೆ ನಿಮಗೇ ಹೀಗೆ ಆಗ್ತಿದ್ದರೆ, ಬಾಗಿಲ ಪಕ್ಕದ ಬೆಂಚಲ್ಲಿ ಇನ್ನೊಬ್ಬರಿಗೆ ಜಾಗ ಇದೆ.