ಹಸಿ ಸಿಮೆಂಟಿನ ಮೇಲೊಂದು ಕೈ

ಮೂಡಲಪಾಳ್ಯದ ಸರ್ಕಲ್‌ನಲ್ಲಿ ನಿಂತು ಮಾಗಡಿ ರಸ್ತೆಯ ಕಡೆಗೆ ದಾರಿ ಕೇಳಿ ನೋಡಿ. ಅಡ್ಡರಸ್ತೆಯ ನಂಬರು ಯಾರೂ ಹೇಳುವುದಿಲ್ಲ. ‘ವೀರೇಶ್ ಥಿಯೇಟರ್ ಹತ್ರ ಇಳ್ಕೊಳ್ಳಿ’ ಅನ್ನುತ್ತಾರೆ, ಇಲ್ಲವೇ ‘ಪ್ರಸನ್ನ ಟಾಕೀಸ್ ಗೊತ್ತಲ್ವಾ, ಅಲ್ಲಿ’ ಅನ್ನುತ್ತಾರೆ. ರಾಜಾಜಿನಗರಕ್ಕೆ ಹೋಗುವವರಿಗೆ ‘ನವರಂಗ್’ ಅಂದರೆ ಸಾಕು. ವರ್ಷಕ್ಕೊಂದು ಸಿನಿಮಾ ಕೂಡ ನೋಡದವರ ಬಾಯಲ್ಲೂ ಇವೇ ಗುರುತುಗಳು. ಬಸ್ಸಿನ ಬೋರ್ಡಿನ ಮೇಲೆ ‘ಕೆಂಪೇಗೌಡ ಬಸ್ ನಿಲ್ದಾಣ’ ಎಂದೇ ಬರೆದಿದ್ದರೂ ಕಂಡಕ್ಟರ್ ಕೂಗುವುದು ‘ಮೆಜೆಸ್ಟಿಕ್, ಮೆಜೆಸ್ಟಿಕ್’ ಎಂದು. ಅದೂ ಒಂದು ಚಿತ್ರಮಂದಿರದ ಹೆಸರು. ಬಸ್ ನಿಲ್ದಾಣ ಎದ್ದು ನಿಂತ ಧರ್ಮಾಂಬುಧಿ ಕೆರೆಯೂ ಈಗಿಲ್ಲ, ಪಕ್ಕದ ಆ ಚಿತ್ರಮಂದಿರವೂ ಇಲ್ಲ. ಹೆಸರು ಮಾತ್ರ ದಿನಕ್ಕೆ ಸಾವಿರಾರು ಸಲ ಕೂಗಿಸಿಕೊಳ್ಳುತ್ತಿದೆ.

ಪಶ್ಚಿಮ ಬೆಂಗಳೂರಿನಲ್ಲಿ ಸಿನಿಮಾ ತನ್ನ ಗುರುತನ್ನು ಹೀಗೆ ಜನರ ಬಾಯಲ್ಲಿ ಬಿಟ್ಟಿದೆ. ಅದನ್ನು ನೆಲದ ಮೇಲೆ ಅಚ್ಚೊತ್ತಿ ಇಟ್ಟುಕೊಂಡ ಚಿತ್ರಮಂದಿರವೊಂದು ಲಾಸ್ ಏಂಜಲೀಸ್‌ನಲ್ಲಿದೆ. ಮೊದಲು ಅದರ ಪರಿಚಯ ಮಾಡಿಕೊಂಡು ನಮ್ಮ ರಸ್ತೆಗೆ ಬರೋಣ.

ಹಾಲಿವುಡ್ ಬುಲೆವಾರ್ಡ್‌ನ ಚೈನೀಸ್ ಥಿಯೇಟರ್ ಬಾಗಿಲು ತೆರೆದದ್ದು 1927ರ ಮೇ 18ರಂದು. ಕಟ್ಟಿಸಿದವರು ಸಿಡ್ ಗ್ರಾಮನ್. ಮೊದಲ ಪ್ರದರ್ಶನ ಸೆಸಿಲ್ ಬಿ. ಡಿಮಿಲ್ ಅವರ ‘ದಿ ಕಿಂಗ್ ಆಫ್ ಕಿಂಗ್ಸ್’. ಚೀನೀ ದೇಗುಲದ ಶೈಲಿಯ ಮಾಡು, ಕಲ್ಲಿನಲ್ಲಿ ಕೆತ್ತಿದ ದೊಡ್ಡ ಡ್ರ್ಯಾಗನ್, ಕೆಂಪು ಕಂಬಗಳು. ಆದರೆ ಹೋದವರೆಲ್ಲ ತಲೆ ಎತ್ತುವುದಕ್ಕಿಂತ ತಲೆ ತಗ್ಗಿಸಿಯೇ ಹೆಚ್ಚು ಹೊತ್ತು ನಿಲ್ಲುತ್ತಾರೆ. ಮುಂದಿನ ಅಂಗಳದ ತುಂಬ ಸಿಮೆಂಟಿನ ಚೌಕಗಳು. ಹೆಚ್ಚಿನವುಗಳಲ್ಲಿ ಒಬ್ಬ ನಟನ ಅಥವಾ ನಟಿಯ ಎರಡು ಅಂಗೈ, ಎರಡು ಪಾದರಕ್ಷೆಯ ಅಚ್ಚು, ಹಸಿ ಇದ್ದಾಗಲೇ ಕಡ್ಡಿಯಲ್ಲಿ ಗೀಚಿದ ಸಹಿ, ತಾರೀಖು.

ಮೊದಲ ಅಚ್ಚುಗಳು ಬಿದ್ದದ್ದು ಥಿಯೇಟರ್ ತೆರೆಯುವ ಮೊದಲೇ, 1927ರ ಏಪ್ರಿಲ್ 30ರಂದು. ಅವು ಮೇರಿ ಪಿಕ್‌ಫರ್ಡ್ ಮತ್ತು ಡಗ್ಲಸ್ ಫೇರ್‌ಬ್ಯಾಂಕ್ಸ್ ದಂಪತಿಯವು. ಈ ಯೋಚನೆ ಹುಟ್ಟಿದ್ದು ಹೇಗೆ ಎಂಬುದಕ್ಕೆ ಒಂದಕ್ಕಿಂತ ಹೆಚ್ಚು ಕತೆಗಳಿವೆ. ನಟಿ ನಾರ್ಮಾ ಟಾಲ್ಮೇಜ್ ಕಟ್ಟಡ ನೋಡಲು ಬಂದಾಗ ಅರಿವಿಲ್ಲದೆ ಹಸಿ ಸಿಮೆಂಟಿನ ಮೇಲೆ ಕಾಲಿಟ್ಟರು ಎಂಬುದು ಹೆಚ್ಚು ಪ್ರಚಾರದಲ್ಲಿರುವ ಕತೆ. ಆದರೆ ಅಲ್ಲಿ ಸಿಮೆಂಟಿನ ಕೆಲಸ ಮಾಡಿದ ಜೀನ್ ಕ್ಲಾಸ್ನರ್ ಹೇಳುತ್ತಿದ್ದದ್ದು ಬೇರೆ. ಕೆಲಸ ಮುಗಿದ ಮೇಲೆ ಅವರು ತಮ್ಮ ಕೈಯನ್ನು ಸಿಮೆಂಟಿಗೆ ಒತ್ತಿ ಹೆಸರು ಬರೆದಿದ್ದರಂತೆ. ಗ್ರಾಮನ್ ಮತ್ತು ಅವರು ಸೇರಿ ಈ ಪದ್ಧತಿಗೆ ಕೈ ಹಾಕಿದ್ದು ಅಲ್ಲಿಂದಂತೆ. ಯಾವ ಕತೆ ನಿಜವೋ ಇರಲಿ, ಪೋಸ್ಟರ್ ಪೆಟ್ಟಿಗೆಯ ಪಕ್ಕದಲ್ಲಿ 1927ರ ಇಸವಿಯ ಜೊತೆ ಆ ಗಾರೆಯವನ ಕೈಯಚ್ಚು ಇಂದಿಗೂ ಇದೆ. ಮುಂದೆ ಬಹಳ ಕಾಲ ತಾರೆಯರ ಅಚ್ಚಿಗೆ ಬೇಕಾದ ಗಟ್ಟಿ ಸಿಮೆಂಟಿನ ಮಿಶ್ರಣವನ್ನು ಕಲಸಿ ಹದ ಮಾಡುತ್ತಿದ್ದವರೂ ಅವರೇ. ಜಗತ್ತಿನ ಅಷ್ಟು ದೊಡ್ಡ ತಾರೆಯರ ಸಾಲಿನಲ್ಲಿ ಒಬ್ಬ ಕೂಲಿಗಾರನ ಕೈ ಉಳಿದಿರುವುದು ನನಗೆ ಆ ಅಂಗಳದಲ್ಲಿ ಎಲ್ಲಕ್ಕಿಂತ ಹಿಡಿಸಿದ ಸಂಗತಿ.

ಹೆಚ್ಚೂ ಕಡಿಮೆ 200 ಚೌಕಗಳಿವೆ. ಹೆರಾಲ್ಡ್ ಲಾಯ್ಡ್ ತಮ್ಮ ಗುರುತಾದ ಕನ್ನಡಕವನ್ನೂ ಮೂಡಿಸಿದ್ದಾರೆ. ಜಾನ್ ವೇನ್ ಮುಷ್ಟಿ ಒತ್ತಿದ್ದಾರೆ. ಹಾಡುಗಾರ ಅಲ್ ಜೋಲ್ಸನ್ ಮಂಡಿಯೂರಿದ ಗುರುತಿದೆ. ರಾಯ್ ರೋಜರ್ಸ್ ಪಕ್ಕದಲ್ಲಿ ಅವರ ಕುದುರೆ ಟ್ರಿಗರ್‌ನ ಗೊರಸುಗಳಿವೆ. 1953ರಲ್ಲಿ ಮರ್ಲಿನ್ ಮನ್ರೋ ಮತ್ತು ಜೇನ್ ರಸೆಲ್ ಅಕ್ಕಪಕ್ಕ ಕೂತು ಒತ್ತಿದರು. ಕಪ್ಪು ಜನಾಂಗದ ನಟರೊಬ್ಬರ ಕೈ ಅಲ್ಲಿ ಬೀಳಲು 1967ರವರೆಗೆ, ಸಿಡ್ನಿ ಪಾಟಿಯೇ ಬರುವವರೆಗೆ ಕಾಯಬೇಕಾಯಿತು. ಆ ನಾಡಿನ ಚರಿತ್ರೆಯ ಒಂದು ಪುಟ ಆ ಇಸವಿಯಲ್ಲೇ ಇದೆ. ಮೈಕೆಲ್ ಜಾಕ್ಸನ್ ಬದುಕಿದ್ದಾಗ ಅವರ ಅಚ್ಚು ತೆಗೆಯಲಾಗಲಿಲ್ಲ. ಅವರು ತೀರಿಕೊಂಡದ್ದು 2009ರಲ್ಲಿ. 2012ರಲ್ಲಿ ಮಕ್ಕಳು ತಂದೆಯ ಬೂಟು, ಕೈಗವಸು ತಂದು ಒತ್ತಿದರು.

ಬಂದವರು ಅಲ್ಲಿ ಮಾಡುವುದು ಒಂದೇ ಕೆಲಸ. ಬಗ್ಗಿ ತಮ್ಮ ಅಂಗೈಯನ್ನು ಅಚ್ಚಿನೊಳಗಿಟ್ಟು ಅಳತೆ ನೋಡುತ್ತಾರೆ. ಪರದೆಯ ಮೇಲೆ ಇಪ್ಪತ್ತಡಿ ಎತ್ತರಕ್ಕೆ ಕಂಡವರ ಕೈ ತಮ್ಮ ಕೈಗಿಂತ ಚಿಕ್ಕದಿರುವುದು ಕಂಡು ಬೆರಗಾಗುತ್ತಾರೆ. ಆ ಥಿಯೇಟರ್ ಈಗಲೂ ನಡೆಯುತ್ತಿದೆ ಎಂಬುದನ್ನು ಮರೆಯಬಾರದು. 2013ರಲ್ಲಿ ಅದು 932 ಆಸನಗಳ ಐಮ್ಯಾಕ್ಸ್ ಆಯಿತು. 2023ರ ಜನವರಿಯಲ್ಲಿ ಅಲ್ಲಿ ‘ಆರ್‌ಆರ್‌ಆರ್’ ಪ್ರದರ್ಶನವಾದಾಗ ಟಿಕೆಟ್‌ಗಳು ಎರಡು ನಿಮಿಷದೊಳಗೆ ಖಾಲಿಯಾದವು. ಆ ಚಿತ್ರದ ನಿರ್ದೇಶಕ ರಾಜಮೌಳಿ ಹುಟ್ಟಿದ್ದು ನಮ್ಮ ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನಲ್ಲಿ.

ಇನ್ನು ನಮ್ಮ ಕಡೆಗೆ. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ತೆರೆ ಕಂಡದ್ದು ಸಿಟಿ ಮಾರ್ಕೆಟ್ ಬಳಿಯ ದೊಡ್ಡಣ್ಣ ಹಾಲ್‌ನಲ್ಲಿ. ಮುಂದೆ ಅದನ್ನೇ ಊರು ಪ್ಯಾರಾಮೌಂಟ್ ಟಾಕೀಸ್ ಎಂದು ಕರೆಯಿತು. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಸುಲೋಚನೆ. ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಇವತ್ತು ಆ ಚಿತ್ರದ ಒಂದು ಪ್ರತಿಯೂ ನಮ್ಮ ಕೈಯಲ್ಲಿಲ್ಲ. ಅದನ್ನು ತೋರಿಸಿದ ಹಾಲೂ ಇಲ್ಲ. ಕನ್ನಡದ ಮೊದಲ ಮಾತು ಪರದೆಯಿಂದ ಕೇಳಿಬಂದ ಜಾಗವನ್ನು ಮಕ್ಕಳಿಗೆ ತೋರಿಸಬೇಕೆಂದರೆ ಮಾರ್ಕೆಟ್‌ನ ಜನಜಂಗುಳಿಯ ಕಡೆಗೆ ಕೈ ಮಾಡಬೇಕಷ್ಟೆ. ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತದೆ.

ನಮ್ಮವರಿಗೆ ತಾರೆಯರ ಮೇಲೆ ಅಭಿಮಾನ ಕಡಿಮೆಯಿತ್ತೇ? ಖಂಡಿತ ಇಲ್ಲ. ಅಭಿಮಾನ ತೋರಿಸಲು ನಮ್ಮ ಚಿತ್ರಮಂದಿರಗಳು ಬೇರೆ ದಾರಿ ಹಿಡಿದವು. ಗಾಂಧಿನಗರದ ಲೆಕ್ಕದಲ್ಲಿ ಪ್ರತಿ ಚಿತ್ರಕ್ಕೂ ಒಂದು ‘ಮೇನ್ ಥಿಯೇಟರ್’. ಅದು ಸಾಮಾನ್ಯವಾಗಿ ಕೆ.ಜಿ. ರಸ್ತೆಯಲ್ಲೋ ಅದರ ಆಸುಪಾಸಿನಲ್ಲೋ ಇರುತ್ತಿತ್ತು. ನರ್ತಕಿ, ಸಂತೋಷ್, ಸಾಗರ್, ಅನುಪಮಾ, ತ್ರಿವೇಣಿ ಹೀಗೆ. ವೀರೇಶ್, ನವರಂಗ್, ಪ್ರಸನ್ನಗಳಲ್ಲೂ ಅದೇ ಚಿತ್ರ ಓಡಿದರೂ ದೊಡ್ಡ ಕಟೌಟ್ ನಿಲ್ಲುವುದು ಮೇನ್ ಥಿಯೇಟರ್ ಮುಂದೆ.

ಕೈಯಲ್ಲಿ ಬರೆದ ಆ ಕಟೌಟ್‌ಗಳ ಕಸುಬನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ನಟನ ಒಂದು ಸ್ಟಿಲ್ ಫೋಟೊ. ಅದರ ಮೇಲೆ ಪೆನ್ಸಿಲ್‌ನಲ್ಲಿ ಚೌಕುಳಿ ಗೆರೆಗಳು. ಅಷ್ಟೇ ಚೌಕಗಳನ್ನು ದೊಡ್ಡದಾಗಿ ಪ್ಲೈವುಡ್ ಹಲಗೆಗಳ ಮೇಲೆ ಎಳೆದು, ಒಂದೊಂದು ಚೌಕದಲ್ಲಿರುವುದನ್ನು ಒಂದೊಂದಾಗಿ ದಾಟಿಸಬೇಕು. ನೆಲದ ಮೇಲೆ ಹಾಸಿದ ಹಲಗೆಯಲ್ಲಿ ಒಂದು ಕಣ್ಣೇ ಮನುಷ್ಯನ ಅರ್ಧದಷ್ಟಿರುತ್ತದೆ. ಬರೆಯುವವನಿಗೆ ಮುಖ ಪೂರ್ತಿ ಕಾಣುವುದೇ ಇಲ್ಲ. ಕೆನ್ನೆಗೆ ಗುಲಾಬಿ, ನೆರಳಿಗೆ ನೀಲಿ ಬಳಿಯುವ ಧೈರ್ಯ ಬೇಕು. ಹತ್ತಿರ ನಿಂತರೆ ಅದು ಬಣ್ಣದ ರಾಡಿ, ರಸ್ತೆಯ ಆಚೆಯಿಂದ ನೋಡಿದರೆ ರಾಜ್‌ಕುಮಾರ್. ತಲೆ, ಎದೆ, ಕಾಲು ಬೇರೆ ಬೇರೆ ತುಂಡುಗಳಾಗಿ ಬಂದು, ಸರ್ವೆ ಮರದ ಕಂಬಗಳಿಗೆ ಹಗ್ಗದಲ್ಲಿ ಬಿಗಿಸಿಕೊಂಡು, ಶುಕ್ರವಾರ ಬೆಳಗಾಗುವಷ್ಟರಲ್ಲಿ ಎದ್ದು ನಿಲ್ಲುತ್ತಿದ್ದವು. ಆಮೇಲೆ ಹಾರ, ಪಟಾಕಿ, ಹಾಲಿನ ಅಭಿಷೇಕ. ಥಿಯೇಟರಿನಿಂದ ಚಿತ್ರ ಎತ್ತಿದ ದಿನ ಕಟೌಟ್ ಇಳಿಯಿತು. ಅದೇ ಹಲಗೆಯ ಮೇಲೆ ಬಿಳಿ ಬಳಿದು ಮುಂದಿನ ನಾಯಕನನ್ನು ಬರೆದರು. ಬರೆದವರ ಸಹಿ ಮೂಲೆಯಲ್ಲಿದ್ದರೆ ಅದೂ ಅದರಡಿಯಲ್ಲೇ ಮುಚ್ಚಿಹೋಯಿತು. ಆಮೇಲೆ ಫ್ಲೆಕ್ಸ್ ಬಂದು ಕುಂಚದ ಕೆಲಸವನ್ನೇ ಮುಗಿಸಿತು.

ಇನ್ನೊಂದು ಗುರುತು ಓಡಿದ ದಿನಗಳದ್ದು. ಐವತ್ತು ದಿನ, ನೂರು ದಿನ, ಇಪ್ಪತ್ತೈದು ವಾರ. ಶತದಿನೋತ್ಸವದಲ್ಲಿ ಕೊಟ್ಟ ಶೀಲ್ಡ್‌ಗಳು ಥಿಯೇಟರ್‌ಗಳಿಗೆ ಹೆಮ್ಮೆಯ ವಸ್ತು. ಸಿದ್ದಲಿಂಗಯ್ಯನವರ ‘ಬಂಗಾರದ ಮನುಷ್ಯ’ 1972ರ ಮಾರ್ಚ್ 31ರಂದು ಕೆ.ಜಿ. ರಸ್ತೆಯ ಸ್ಟೇಟ್ಸ್‌ನಲ್ಲಿ ಬಿಡುಗಡೆಯಾಗಿ 104 ವಾರ ಓಡಿತು. ಎರಡು ವರ್ಷ, ಒಂದೇ ಚಿತ್ರ, ಒಂದೇ ಥಿಯೇಟರ್! ಆ ಸ್ಟೇಟ್ಸ್ ಮುಂದೆ ಭೂಮಿಕಾ ಆಯಿತು. ‘ಓಂ’ ಚಿತ್ರವನ್ನು ಮತ್ತೆ ಮತ್ತೆ ತಂದು ಹೌಸ್‌ಫುಲ್ ಬೋರ್ಡ್ ಹಾಕಿದ ಕಪಾಲಿ 2017ರಲ್ಲಿ ಮುಚ್ಚಿತು. 1974ರಲ್ಲಿ ‘ಬಂಗಾರದ ಪಂಜರ’ದೊಂದಿಗೆ ಶುರುವಾದ ಸದಾಶಿವನಗರದ ಕಾವೇರಿ 2024ರಲ್ಲಿ ನೆಲಕ್ಕುರುಳಿತು. ನಗರದ ನಡುವೆ ಸಾವಿರ ಸೀಟಿನ ಒಂದೇ ಹಾಲ್‌ಗಿಂತ ಅದೇ ಜಾಗದಲ್ಲಿ ಮಾಲ್, ಕಚೇರಿ ಕಟ್ಟಿದರೆ ಬರುವ ಬಾಡಿಗೆ ಹೆಚ್ಚು. ನಷ್ಟದಲ್ಲಿ ವರ್ಷಗಟ್ಟಲೆ ನಡೆಸಿದ ಮಾಲೀಕರನ್ನು ದೂರಿ ಫಲವಿಲ್ಲ. ಕಟ್ಟಡ ಹೋಗುವ ಮೊದಲು ಅದರ ಚರಿತ್ರೆಯನ್ನು ಎತ್ತಿಡಲಿಲ್ಲ ಎಂಬುದೇ ನನ್ನ ಸಂಕಟ.

ಉಳಿದವುಗಳಲ್ಲಿ ರಾಜ್‌ಕುಮಾರ್ ಜೊತೆ ನವರಂಗ್‌ನದು ವಿಶೇಷ ನಂಟು. ಅದು ಇರುವುದೇ ಡಾ. ರಾಜ್‌ಕುಮಾರ್ ರಸ್ತೆಯಲ್ಲಿ. ಅದನ್ನು ನಡೆಸಿದ ಕೆ.ಸಿ.ಎನ್. ಗೌಡರು ‘ಕಸ್ತೂರಿ ನಿವಾಸ’ದ ನಿರ್ಮಾಪಕರು. 1971ರ ಆ ಕಪ್ಪು–ಬಿಳುಪು ಚಿತ್ರಕ್ಕೆ ಬಣ್ಣ ತುಂಬಿಸಿ 2014ರಲ್ಲಿ ಮತ್ತೆ ತೆರೆಗೆ ತಂದದ್ದೂ ಅವರ ಮನೆತನವೇ. ಮುಂದಿನ ತಲೆಮಾರು ಅಷ್ಟು ಆಸ್ಥೆಯಿಂದ ಒಂದು ಚಿತ್ರವನ್ನು ಕಾಪಾಡಿದ ಉದಾಹರಣೆ ನಮ್ಮಲ್ಲಿ ವಿರಳ.

ತಾರೆಯರ ನೆನಪಿಗೆ ಈ ಊರು ಧಾರಾಳವಾಗಿ ಕೊಟ್ಟಿರುವುದು ರಸ್ತೆಗಳನ್ನು. ನಮ್ಮ ಮೂಡಲಪಾಳ್ಯದಿಂದ ದೂರವಿಲ್ಲದ ನಾಯಂಡಹಳ್ಳಿಯಿಂದ ಬನ್ನೇರುಘಟ್ಟ ರಸ್ತೆಯವರೆಗೆ ಸುಮಾರು 12 ಕಿಲೋಮೀಟರ್ ವರ್ತುಲ ರಸ್ತೆಗೆ 2023ರ ಫೆಬ್ರುವರಿಯಲ್ಲಿ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿಟ್ಟರು. ಬನಶಂಕರಿಯಿಂದ ಕೆಂಗೇರಿಗೆ ಹೋಗುವ ರಸ್ತೆಗೆ ವಿಷ್ಣುವರ್ಧನ್ ಹೆಸರಿದೆ. ಆದರೆ ಅದೇ ಕೆಂಗೇರಿಯ ಕಡೆ, ನಟ ಬಾಲಕೃಷ್ಣ ಕಟ್ಟಿದ ಅಭಿಮಾನ್ ಸ್ಟುಡಿಯೊದಲ್ಲಿ ವಿಷ್ಣು ಅವರ ಅಂತ್ಯಸಂಸ್ಕಾರ ನಡೆದ ಜಾಗದ ಸಮಾಧಿ 2025ರ ಆಗಸ್ಟ್‌ನಲ್ಲಿ ನೆಲಸಮವಾಯಿತು. ಜಾಗದ ವ್ಯಾಜ್ಯ ಏನೇ ಇರಲಿ, ಹದಿನೈದು ವರ್ಷ ಅಲ್ಲಿ ಹೂವಿಟ್ಟು ಬಂದವರು ಆ ದಿನ ಅತ್ತದ್ದು ನಿಜ.

ಒಂದು ಗುರುತು ಮಾತ್ರ ಯಾರಿಂದಲೂ ಕೆಡವಲಾಗದ್ದು, ಅದೂ ಇದೇ ರಾಜಾಜಿನಗರದಲ್ಲಿ. 1994ರಲ್ಲಿ ನಾರಾಯಣ ನೇತ್ರಾಲಯದಲ್ಲಿ ಡಾ. ರಾಜ್‌ಕುಮಾರ್ ಹೆಸರಿನ ನೇತ್ರ ಬ್ಯಾಂಕ್ ಶುರುವಾದಾಗ ರಾಜ್ ತಮ್ಮ ಇಡೀ ಕುಟುಂಬದ ಕಣ್ಣುಗಳನ್ನು ಕೊಡುವ ಮಾತು ಕೊಟ್ಟರು. 2006ರಲ್ಲಿ ಅವರ ಕಣ್ಣುಗಳು ಆ ಬ್ಯಾಂಕಿಗೆ ಸಂದವು. 2021ರ ಅಕ್ಟೋಬರ್‌ನಲ್ಲಿ ಮಗ ಪುನೀತ್ ಅವರ ಕಾರ್ನಿಯಾಗಳನ್ನು ಮುಂಪದರ, ಹಿಂಪದರವಾಗಿ ಬಿಡಿಸಿ ನಾಲ್ವರಿಗೆ ಜೋಡಿಸಿದರು.

ರಸ್ತೆ ದೊಡ್ಡದು, ಕಣ್ಣು ಅದಕ್ಕಿಂತ ದೊಡ್ಡದು. ಆದರೂ ಚಿತ್ರಮಂದಿರದ ಅಂಗಳದಲ್ಲಿ ಒಂದು ಕೈಯಚ್ಚು ಬೇಕೆಂದು ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. ರಸ್ತೆಯ ಹೆಸರು ಆ ಮನುಷ್ಯ ಎಷ್ಟು ದೊಡ್ಡವನಾಗಿದ್ದ ಎಂದು ಹೇಳುತ್ತದೆಯೇ ಹೊರತು ಅವನ ಕಿರುಬೆರಳು ಎಷ್ಟುದ್ದ ಇತ್ತು ಎಂದು ಹೇಳುವುದಿಲ್ಲ. ಲೀಲಾವತಿಯವರು 2023ರಲ್ಲಿ ಹೋದರು, ಬಿ. ಸರೋಜಾದೇವಿಯವರು 2025ರಲ್ಲಿ ಹೋದರು. ಆ ಕೈಗಳ ಅಳತೆ ಇನ್ನು ಯಾರಿಗೂ ಸಿಗುವುದಿಲ್ಲ.

ಖರ್ಚೂ ಹೆಚ್ಚಿಲ್ಲ. ಅಂಗಳ ಅಗೆಯಬೇಕಾಗಿಲ್ಲ. ಹಾಲಿವುಡ್‌ನಲ್ಲಿ ಈಗ ಮಾಡುವಂತೆ ಆಳವಿಲ್ಲದ ಒಂದು ಚೌಕಟ್ಟಿನಲ್ಲಿ ಸಿಮೆಂಟ್ ಹಾಕಿ, ನುಣುಪು ಮಾಡಿ, ಬಿಗಿಯುವ ಮೊದಲು ಕೈಯೊತ್ತಿಸಿ, ಒಣಗಿದ ಮೇಲೆ ನೆಲದಲ್ಲೋ ಗೋಡೆಯಲ್ಲೋ ಕೂರಿಸಿದರಾಯಿತು. ಥಿಯೇಟರ್ ಹೋದರೂ ಚೌಕವನ್ನು ಎತ್ತಿಕೊಂಡು ಹೋಗಬಹುದು. ಚಿತ್ರ ಬಿಡುಗಡೆಯಾದಾಗ ನಾಯಕ, ನಾಯಕಿಯರು ‘ಥಿಯೇಟರ್ ವಿಸಿಟ್’ ಎಂದು ವೀರೇಶ್‌ಗೋ ನವರಂಗ್‌ಗೋ ಹೇಗೂ ಬರುತ್ತಾರೆ. 1944ರಿಂದ ಇರುವ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ, ಚಲನಚಿತ್ರ ಅಕಾಡೆಮಿ, ಥಿಯೇಟರ್ ಮಾಲೀಕರು ಕೂತು ಒಂದು ಮಾತು ಆಡಿದರೆ ಸಾಕು. ಅನಂತನಾಗ್ ಅವರ ಕೈ, ಭಾರತಿಯವರ ಕೈ, ಉಮಾಶ್ರೀಯವರ ಕೈ ಮೊದಲು ಬೀಳಲಿ. ಹೊಸಬರಿಗೆ ಇನ್ನೂ ಕಾಲವಿದೆ. ಅವರ ಪಕ್ಕದಲ್ಲಿ ರೀಲು ಸುತ್ತಿ ಸುತ್ತಿ ಬೆರಳು ಗಟ್ಟಿಯಾದ ಒಬ್ಬ ಹಳೇ ಆಪರೇಟರ್‌ಗೆ, ಚೌಕುಳಿ ಹಾಕಿ ಕಟೌಟ್ ಬರೆದ ಒಬ್ಬ ಪೇಂಟರ್‌ಗೆ, ಟಾರ್ಚ್ ಹಿಡಿದು ಸೀಟು ತೋರಿಸಿದ ಒಬ್ಬ ಗೇಟ್‌ಕೀಪರ್‌ಗೆ ಒಂದೊಂದು ಚೌಕ ಇರಲೇಬೇಕು, ಸಿಮೆಂಟ್ ಕಲಸುವವನಿಗೂ.