ಕೆನ್ನೆಕಾಟ್: ಹಸಿರು ಕಲ್ಲು, ಕೆಂಪು ಮಿಲ್ಲು, ಕಟ್ಟುಕಥೆಗಳು

ಅಲಾಸ್ಕದ ರ‍್ಯಾಂಗಲ್ ಪರ್ವತಗಳ ಮಗ್ಗುಲಲ್ಲಿ, ಇಳಿಜಾರಿಗೆ ಅಂಟಿಕೊಂಡಂತೆ, ಹದಿನಾಲ್ಕು ಅಂತಸ್ತಿನ ಮರದ ಮಿಲ್ಲೊಂದು ನಿಂತಿದೆ. ಮೈತುಂಬ ಕೆಂಪು ಬಣ್ಣ, ಕಿಟಕಿಗಳಿಗೆ ಬಿಳಿ ಅಂಚು. 1911ರಿಂದ 1938ರವರೆಗೆ ಇಲ್ಲಿ ತಾಮ್ರದ ಅದಿರು ಪುಡಿಯಾಗುತ್ತಿತ್ತು. ಅದಿರು ಮುಗಿದು ಎಂಬತ್ತು ವರ್ಷ ದಾಟಿದರೂ ಕಥೆಗಳ ಉತ್ಪಾದನೆ ನಿಂತಿಲ್ಲ. ಅವುಗಳಲ್ಲಿ ಹೆಚ್ಚಿನವು ಕಣ್ಣಿಗೆ ಕಂಡದ್ದನ್ನು ಹಾಗೇ ನಂಬಿದ್ದರಿಂದ ಹುಟ್ಟಿದವು.

ತಪ್ಪು ಕಲ್ಪನೆ: ಇಲ್ಲಿ ತಾಮ್ರವಿದೆ ಎಂಬುದನ್ನು 1900ರಲ್ಲಿ ಇಬ್ಬರು ಅನ್ವೇಷಕರು ಅಕಸ್ಮಾತ್ತಾಗಿ ಕಂಡುಹಿಡಿದರು.

ವಾಸ್ತವ: ಜ್ಯಾಕ್ ಸ್ಮಿತ್ ಮತ್ತು ಕ್ಲಾರೆನ್ಸ್ ವಾರ್ನರ್ ಎಂಬಿಬ್ಬರು ಬೆಟ್ಟದ ಮೇಲೆ ಹಸಿರು ಕಂಡು, ಕುದುರೆಗಳಿಗೆ ಹುಲ್ಲು ಸಿಕ್ಕಿತೆಂದು ಹತ್ತಿಹೋದರಂತೆ, ಹುಲ್ಲಿನ ಬದಲು ತಾಮ್ರ ಸಿಕ್ಕಿತಂತೆ. ಈ ‘ಅಂತೆ’ಯಲ್ಲಿ ಎಷ್ಟು ಹುಲ್ಲು, ಎಷ್ಟು ತಾಮ್ರ ಎಂಬ ಲೆಕ್ಕ ಬೇಡ. ಆ ಸೀಮೆಯ ಅಹ್ಟ್ನಾ ಜನರಿಗೆ ತಾಮ್ರ ಹೊಸದಾಗಿರಲೇ ಇಲ್ಲ. ಹೊಳೆಪಾತ್ರದಲ್ಲಿ ಸಿಗುತ್ತಿದ್ದ ಅಚ್ಚ ತಾಮ್ರದ ಗಟ್ಟಿಗಳನ್ನು ಕಾಯಿಸಿ, ಬಡಿದು, ಚೂರಿ ಮತ್ತು ಬಾಣದ ಮೊನೆ ಮಾಡಿ ನೆರೆಯವರೊಡನೆ ವ್ಯಾಪಾರ ಮಾಡುತ್ತಿದ್ದವರು ಅವರು. ಆ ಹೊಳೆಯ ಹೆಸರೇ ಕಾಪರ್ ನದಿ. 1885ರಲ್ಲಿ ಸೇನಾಧಿಕಾರಿ ಹೆನ್ರಿ ಅಲೆನ್ ಈ ದಾರಿಯಲ್ಲಿ ಬಂದಾಗ ಅಹ್ಟ್ನಾ ಮುಖಂಡ ನಿಕೊಲಾಯ್ ಅವನಿಗೆ ತಾಮ್ರ ತೋರಿಸಿದ್ದ. 1899ರಲ್ಲಿ ಅನ್ವೇಷಕರಿಗೆ ಹತ್ತಿರದ ಇನ್ನೊಂದು ನಿಕ್ಷೇಪದ ದಾರಿ ಹೇಳಿದವನೂ ಅವನೇ. ಸ್ಮಿತ್ ಮತ್ತು ವಾರ್ನರ್ ಕಂಡದ್ದು ಬೊನಾಂಜಾ ಎಂಬ ಒಂದು ಶಿಖರದ ಅದಿರನ್ನು. ಅದು ಸಣ್ಣ ಸಂಗತಿಯಲ್ಲ, ಮೊದಲ ಸಂಗತಿಯೂ ಅಲ್ಲ. ಭೂವಿಜ್ಞಾನಿಗಳು ಈ ಬೆಟ್ಟಗಳ ಬುಡದ ಶಿಲೆಯನ್ನು ಇಂದಿಗೂ ‘ನಿಕೊಲಾಯ್ ಗ್ರೀನ್‌ಸ್ಟೋನ್’ ಎನ್ನುತ್ತಾರೆ. ಕಲ್ಲಿನ ಮೇಲೆ ಉಳಿದದ್ದು ಮುಖಂಡನ ಹೆಸರು.

ತಪ್ಪು ಕಲ್ಪನೆ: ಹಸಿರು ಹೆಚ್ಚಿದ್ದಷ್ಟೂ ತಾಮ್ರ ಹೆಚ್ಚು.

ವಾಸ್ತವ: ಪೂಜೆಯ ತಾಮ್ರದ ಚೊಂಬನ್ನು ನಾಲ್ಕು ತಿಂಗಳು ತೊಳೆಯದೆ ಇಟ್ಟವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಅದರ ಮೈಮೇಲೆ ಕಟ್ಟುವ ಹಸಿರು ಕಿಲುಬು ತಾಮ್ರವಲ್ಲ. ಗಾಳಿ, ನೀರು ತಾಗಿ ತಾಮ್ರ ಆದ ಬೇರೆ ವಸ್ತು. ಬೆಟ್ಟದ ಮೇಲಿನ ಹಸಿರು ಮ್ಯಾಲಕೈಟ್ ಮತ್ತು ನೀಲಿ ಅಜುರೈಟ್ ಕೂಡ ಅದೇ ಜಾತಿಯವು, ಅಂದರೆ ತಾಮ್ರದ ಕಾರ್ಬೊನೇಟುಗಳು. ಮ್ಯಾಲಕೈಟಿನಲ್ಲಿ ತಾಮ್ರದ ಪಾಲು ಶೇ 57ರಷ್ಟು. ಕೆನ್ನೆಕಾಟನ್ನು ಶ್ರೀಮಂತಗೊಳಿಸಿದ ಖನಿಜ ಮಾತ್ರ ನೋಡಲು ಏನೇನೂ ಚಂದವಿಲ್ಲ. ಸೀಸದಂಥ ಬೂದುಗಪ್ಪು, ಚೂರಿಯಿಂದ ಕೆರೆಯಬಹುದಾದಷ್ಟು ಮೆದು. ಹೆಸರು ಕ್ಯಾಲ್ಕೊಸೈಟ್, ತಾಮ್ರ ಮತ್ತು ಗಂಧಕದ ಸಂಯುಕ್ತ. ಶುದ್ಧವಾಗಿದ್ದರೆ ಅದರ ತೂಕದಲ್ಲಿ ಶೇ 80ರಷ್ಟು ತಾಮ್ರವೇ. ಜೊತೆಗೆ ಅಲ್ಲಲ್ಲಿ ಕಡುನೀಲಿ ಕೊವೆಲೈಟ್, ನವಿಲುಬಣ್ಣಕ್ಕೆ ತಿರುಗುವ ಬೋರ್ನೈಟ್.

ಬೊನಾಂಜಾದ ನೆತ್ತಿಯಲ್ಲಿ ಶೇ 70ರಷ್ಟು ತಾಮ್ರವಿದ್ದ ಅದಿರು ಬಯಲಿಗೆ ಬಿದ್ದಿತ್ತು. ಇಂದಿನ ಅನೇಕ ದೊಡ್ಡ ಗಣಿಗಳು ಶೇ 1 ಕೂಡ ಇಲ್ಲದ ಕಲ್ಲನ್ನು ಅಗೆದು ಲಾಭ ಮಾಡುತ್ತವೆ ಎಂಬುದನ್ನು ನೆನೆದರೆ ಆ ಮಾತಿನ ತೂಕ ತಿಳಿದೀತು. ಇಷ್ಟು ತಾಮ್ರ ಒಂದೆಡೆ ಗುಡ್ಡೆಯಾದದ್ದು ಹೇಗೆ? ಸುಮಾರು 23 ಕೋಟಿ ವರ್ಷಗಳ ಹಿಂದೆ, ದೂರದ ಸಾಗರವೊಂದರಲ್ಲಿ, ಲಾವಾ ಪದರಪದರವಾಗಿ ಹರಿದು ಗಟ್ಟಿಯಾಯಿತು. ಅದೇ ನಿಕೊಲಾಯ್ ಗ್ರೀನ್‌ಸ್ಟೋನ್. ಅದರ ಕಣಕಣದಲ್ಲೂ ಚೂರುಚೂರು ತಾಮ್ರ. ಅದರ ಮೇಲೆ ಸುಣ್ಣಕಲ್ಲು ಕೂತಿತು. ಬಹುಕಾಲದ ನಂತರ ಬಿಸಿನೀರು ಲಾವಾದ ತಾಮ್ರವನ್ನು ಕರಗಿಸಿಕೊಂಡು ಮೇಲೇರಿ, ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿಸಿ ಹೋಯಿತು. ಗಣಿಯ ಇಡೀ ಬಾಳಿನಲ್ಲಿ ತೆಗೆದ ಅದಿರು, ಅಮೆರಿಕದ ಅಳತೆಯಲ್ಲಿ, ಸುಮಾರು 46 ಲಕ್ಷ ಟನ್. ಅದರಿಂದ ಬಂದ ತಾಮ್ರ 5.9 ಲಕ್ಷ ಟನ್. ಸರಾಸರಿ ಶೇ 13. ಜೊತೆಗೆ ಬೆಳ್ಳಿಯೂ ಬಂತು, ಸುಮಾರು 90 ಲಕ್ಷ ಔನ್ಸ್.

ತಪ್ಪು ಕಲ್ಪನೆ: ಮಿಲ್ಲಿನ ಎದುರಿಗೆ ಹರಡಿರುವ ಕಲ್ಲುಮಣ್ಣಿನ ದಿಬ್ಬಗಳು ಗಣಿಯ ಕಸ.

ವಾಸ್ತವ: ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳನ್ನು ಕಂಡ ನಮ್ಮವರಂತೂ ಫೋಟೊ ನೋಡಿದೊಡನೆ ಹಾಗೇ ಅಂದುಕೊಳ್ಳುತ್ತಾರೆ. ಆದರೆ ಅದು ಹಿಮನದಿ! ಕಣಿವೆಯನ್ನು ತುಂಬಿದ ಕೆನ್ನಿಕಾಟ್ ಹಿಮನದಿ ದಾರಿಯುದ್ದಕ್ಕೂ ಬೆಟ್ಟಗಳನ್ನು ಉಜ್ಜಿ ತಂದ ಕಲ್ಲು, ಜಲ್ಲಿಯನ್ನು ಕಂಬಳಿಯಂತೆ ಹೊದ್ದುಕೊಂಡಿದೆ. ಕೆಳಗಿರುವುದು ನೀಲಿ ಮಂಜುಗಡ್ಡೆ. ಗಣಿ ನಡೆಯುತ್ತಿದ್ದ ದಿನಗಳಲ್ಲಿ ಮಿಲ್ಲಿನ ಮುಂದೆ ಹಿಮ ಗೋಡೆಯಂತೆ ಎದ್ದು ನಿಂತಿತ್ತು. ಈಗ ಅದು ಕರಗಿ ತಗ್ಗಿಗಿಳಿದಿದೆ, ಕಸದಂತೆ ಕಾಣುತ್ತಿದೆ. ಹಿಮಕ್ಕೂ ಈ ಗಣಿಗೂ ಇನ್ನೊಂದು ನಂಟಿದೆ: ಇಲ್ಲಿನ ಐದು ಗಣಿಗಳಲ್ಲಿ ಗ್ಲೇಸಿಯರ್ ಎಂಬುದರ ಅದಿರು ಬೊನಾಂಜಾದಿಂದ ಉರುಳಿ ಮಂಜುಗಡ್ಡೆಯಲ್ಲಿ ಹೂತಿದ್ದ ಚೂರುಗಳೇ. ಬೇಸಿಗೆಯಲ್ಲಷ್ಟೇ ತೆಗೆಯಬಹುದಿತ್ತು.

ತಪ್ಪು ಕಲ್ಪನೆ: ಅದಿರನ್ನು ಅಲ್ಲೇ ಕರಗಿಸಿ ತಾಮ್ರ ಮಾಡುತ್ತಿದ್ದರು.

ವಾಸ್ತವ: ಇಲ್ಲ. ಸಾಲಾಗಿ ನಿಂತ ನಾಲ್ಕು ಉದ್ದನೆಯ ಚಿಮಣಿಗಳು ವಿದ್ಯುತ್ ಮನೆಯವು. ಮಿಲ್ಲಿನಲ್ಲಿ ಕಲ್ಲು ಒಡೆದು, ಅದಿರು ಬೇರ್ಪಡಿಸಿ, ಗೋಣಿಚೀಲಕ್ಕೆ ತುಂಬಿ, ರೈಲಿನಲ್ಲಿ ಕಾರ್ಡೋವಾ ಬಂದರಿಗೆ, ಅಲ್ಲಿಂದ ಹಡಗಿನಲ್ಲಿ ವಾಷಿಂಗ್ಟನ್ ರಾಜ್ಯದ ಟಕೋಮಾಕ್ಕೆ ಸಾಗಿಸುತ್ತಿದ್ದರು. ಕುಲುಮೆ ಇದ್ದದ್ದು ಅಲ್ಲಿ.

ತಪ್ಪು ಕಲ್ಪನೆ: ಹಳೆಯ ತಾಮ್ರದ ಗಣಿ ಎಂದಮೇಲೆ ಆಮ್ಲದ ಕೆಂಪು ನೀರು ಹರಿಯುತ್ತಿರಲೇಬೇಕು.

ವಾಸ್ತವ: ಎಷ್ಟೋ ಗಣಿಗಳ ಮಟ್ಟಿಗೆ ಈ ಭಯ ನಿಜ. ಕಬ್ಬಿಣ–ಗಂಧಕದ ಪೈರೈಟ್ ಗಾಳಿ, ನೀರಿಗೆ ತೆರೆದುಕೊಂಡರೆ ಗಂಧಕಾಮ್ಲ ಹುಟ್ಟುತ್ತದೆ. ಆದರೆ ಇಲ್ಲಿ ಪೈರೈಟ್ ತೀರಾ ಕಡಿಮೆ, ಸುತ್ತಲೂ ಸುಣ್ಣಕಲ್ಲು. ಹುಟ್ಟಿದ ಆಮ್ಲವನ್ನು ಸುಣ್ಣ ಅಲ್ಲೇ ನುಂಗಿಬಿಡುತ್ತದೆ. ಇದೇ ಗುಣ ಕಂಪನಿಗೆ ತಲೆನೋವೂ ಆಗಿತ್ತು. ಕಿಲುಬು ತೆಗೆಯಲು ನಾವು ಹುಣಸೆಹಣ್ಣು ಹಾಕಿ ಉಜ್ಜುವಂತೆ, ಪುಡಿಕಲ್ಲಿನಲ್ಲಿ ಉಳಿದ ಹಸಿರು ಖನಿಜವನ್ನು ಆಮ್ಲದಲ್ಲಿ ಕರಗಿಸಿಕೊಳ್ಳೋಣವೆಂದರೆ ಸುಣ್ಣವೇ ಆಮ್ಲವನ್ನೆಲ್ಲ ಕುಡಿಯುತ್ತಿತ್ತು. ಹಾಗಾಗಿ 1915–16ರಲ್ಲಿ ಅಮೋನಿಯದ ಘಟಕ ಕಟ್ಟಿದರು. ಅಮೋನಿಯ ಸುಣ್ಣವನ್ನು ಮುಟ್ಟದೆ ತಾಮ್ರವನ್ನಷ್ಟೇ ಎತ್ತಿಕೊಳ್ಳುತ್ತದೆ. ಇಡೀ ಗಣಿಯಲ್ಲಿ ನನಗೆ ಅತ್ಯಂತ ಜಾಣತನದ್ದೆನಿಸುವುದು ಕೆಂಪು ಮಿಲ್ಲಲ್ಲ, ಈ ಘಟಕ. ನೀರು ಆಮ್ಲವಲ್ಲ ಎಂದ ಮಾತ್ರಕ್ಕೆ ಹಳೆಯ ಸುರಂಗಗಳೊಳಗೆ ಕಾಲಿಡಬಹುದು ಎಂದಲ್ಲ. ಕುಸಿಯುವ ಕಲ್ಲಿಗೆ ರಸಾಯನಶಾಸ್ತ್ರ ಗೊತ್ತಿಲ್ಲ.

ತಪ್ಪು ಕಲ್ಪನೆ: ಕೆನ್ನೆಕಾಟ್, ಕೆನ್ನಿಕಾಟ್ ಎರಡರಲ್ಲಿ ಒಂದು ಅಚ್ಚಿನ ದೋಷ.

ವಾಸ್ತವ: ದೋಷ ಹೌದು, ಮಾಡಿದ್ದು ಮಾತ್ರ ಕಂಪನಿ. ಹಿಮನದಿಗೆ ನಿಸರ್ಗವಿಜ್ಞಾನಿ ರಾಬರ್ಟ್ ಕೆನ್ನಿಕಾಟ್ ಹೆಸರು. ಗಣಿಯವರು ಬರೆಯುವಾಗ ‘ನಿ’ ‘ನೆ’ ಆಯಿತು, ಹಾಗೇ ಉಳಿಯಿತು.

ತಪ್ಪು ಕಲ್ಪನೆ: ಒಂದು ರಾತ್ರಿ ಏನೋ ಆಗಿ ಜನ ಊರು ಬಿಟ್ಟು ಓಡಿದರು.

ವಾಸ್ತವ: ಭೂತವೂ ಇಲ್ಲ, ಬೇನೆಯೂ ಇಲ್ಲ. ಉತ್ತಮ ಅದಿರು ಮುಗಿಯುತ್ತ ಬಂದಿದೆ ಎಂದು ಕಂಪನಿಯ ಭೂವಿಜ್ಞಾನಿ 1925ರಲ್ಲೇ ಹೇಳಿದ್ದ. ಗ್ಲೇಸಿಯರ್ ಗಣಿ 1929ರಲ್ಲಿ ಮುಚ್ಚಿತು. ಮದರ್ ಲೋಡ್ 1938ರ ಜುಲೈ ಕೊನೆಗೆ ನಿಂತಿತು. ಈರಿ, ಜಂಬೊ, ಬೊನಾಂಜಾ ಆ ಸೆಪ್ಟೆಂಬರ್‌ನಲ್ಲಿ. ನವೆಂಬರ್‌ನಲ್ಲಿ ಕೊನೆಯ ರೈಲು ಹೊರಟಿತು. ಸಾಮಾನು ಬಿಟ್ಟುಹೋದದ್ದು ನಿಜ, ಕಾರಣ ಲೆಕ್ಕಾಚಾರ: ಆಚೆ ಹೋಗಲು ಇದ್ದದ್ದು ಅದೊಂದೇ ಹಳಿ, ಹಳೆಯ ಯಂತ್ರಗಳನ್ನು ಸಾಗಿಸುವ ಖರ್ಚು ಅವುಗಳ ಬೆಲೆಗಿಂತ ಹೆಚ್ಚು. ಕಟ್ಟುವಾಗ ಜನ ಆ ರೈಲಿನ ಇಂಗ್ಲಿಷ್ ಮೊದಲಕ್ಷರಗಳನ್ನು ಹಿಡಿದು ‘ಓಡಲಾರದು, ಎಂದಿಗೂ ಓಡದು’ ಎಂದು ಗೇಲಿ ಮಾಡಿದ್ದರು. ಸುಮಾರು 315 ಕಿ.ಮೀ. ಹಳಿಗೆ 2.3 ಕೋಟಿ ಡಾಲರ್ ಸುರಿದ ಮೇಲೆ ಅದು 27 ವರ್ಷ ಓಡಿತು, ತಾಮ್ರ ತೀರಿದ ದಿನ ನಿಂತಿತು.

ಇಂದು ಈ ಜಾಗ ರ‍್ಯಾಂಗಲ್–ಸೇಂಟ್ ಇಲಾಯಸ್ ರಾಷ್ಟ್ರೀಯ ಉದ್ಯಾನದೊಳಗಿದೆ. ಚಿಟಿನಾದಿಂದ ಮೆಕಾರ್ಥಿಯವರೆಗಿನ ಸುಮಾರು 97 ಕಿ.ಮೀ. ಜಲ್ಲಿ ರಸ್ತೆ ಬಹುಪಾಲು ಹಳೆಯ ರೈಲುಹಾದಿಯ ಮೇಲೇ ಸಾಗುತ್ತದೆ. ಹಳಿ ಕಿತ್ತರೂ ಅದರ ಮೊಳೆಗಳು ಈಗಲೂ ಮಣ್ಣಿನಿಂದ ಮೇಲೇಳುತ್ತವೆ. ಅಲ್ಲಿರುವ ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗಿ, ಅಲಾಸ್ಕಕ್ಕೂ ಕಾಲು ಹಾಕುವವರು ಕಾರಿನಲ್ಲಿ ಒಳ್ಳೆಯ ಸ್ಟೆಪ್ನಿ ಇದೆಯೇ ಎಂದು ನೋಡಿಕೊಂಡೇ ಹೊರಡಿ.