ಪೂರ್ಣಾಂಕ ಸಂಕುಲವಲಯಗಳ ಏಕಕಗಳು

ಆಧುನಿಕ ಬೀಜಗಣಿತದಲ್ಲಿ ಗ್ರೂಪ್ ಅಥವಾ ಸಂಕುಲ, ರಿಂಗ್ ಅಥವಾ ವಲಯ ಎಂಬ ಎರಡು ರಚನೆಗಳು ಮುಖ್ಯವಾದುವು. ಸಂಕುಲದಲ್ಲಿ ಒಂದೇ ಕ್ರಿಯೆ; ವಲಯದಲ್ಲಿ ಸಂಕಲನ, ಗುಣಾಕಾರಗಳೆರಡೂ ಉಂಟು. ಸಂಕುಲವೊಂದನ್ನು ಪೂರ್ಣಾಂಕಗಳೊಡನೆ ಸೇರಿಸಿ ಒಂದು ವಲಯವನ್ನು ಕಟ್ಟಬಹುದು. ಹಾಗೆ ಕಟ್ಟಿದ ಮೇಲೆ, ವಲಯವನ್ನು ಮಾತ್ರ ಬಲ್ಲವನು ಅದರೊಳಗಿನ ಮೂಲ ಸಂಕುಲವನ್ನು ಗುರುತಿಸಬಲ್ಲನೆ? ಈ ಪ್ರಶ್ನೆಯ ವಿಚಾರವು ವಲಯದ ಏಕಕಗಳ ವಿಚಾರದಿಂದ ಆರಂಭವಾಗುತ್ತದೆ. ಅದನ್ನು ಸರಳವಾದ ನಿದರ್ಶನದ ಮೂಲಕ ವಿವರಿಸುವುದು ನಮ್ಮ ಉದ್ದೇಶ.

ತುಮಕೂರಿನ ಬಟವಾಡಿಯಲ್ಲಿ ಒಬ್ಬನು ನಿಂತಿರುವನೆಂದು ಭಾವಿಸೋಣ. ಅಷ್ಟದಿಕ್ಕುಗಳಲ್ಲಿ ಒಂದರಿಂದ ಮುಂದಿನದಕ್ಕೆ ಪ್ರದಕ್ಷಿಣವಾಗಿ ತಿರುಗುವ ಕ್ರಿಯೆಯನ್ನು ‘ಗ’ ಎಂದು ಕರೆಯೋಣ. ದಕ್ಷಿಣಕ್ಕಿರುವ ಕುಣಿಗಲಿನ ಕಡೆಯಿಂದ ಪಶ್ಚಿಮಕ್ಕಿರುವ ಗುಬ್ಬಿಯ ಕಡೆಗೆ ತಿರುಗುವುದು, ಸ್ಥೂಲವಾಗಿ, ಗ² ಆಗುತ್ತದೆ. ಎಂಟು ಬಾರಿ ತಿರುಗಿದರೆ ಮೊದಲಿನ ದಿಕ್ಕೇ ಬರುವುದರಿಂದ ಗ⁸ = 1. ಈ ಎಂಟು ಕ್ರಿಯೆಗಳು ಒಂದು ಚಕ್ರೀಯ ಸಂಕುಲ. ಇವುಗಳಿಗೆ ಪೂರ್ಣಾಂಕಗಳನ್ನು ಗುಣಕಗಳಾಗಿ ಕೊಟ್ಟು 3 + 2ಗ − 5ಗ⁶ ಮೊದಲಾದ ಮೊತ್ತಗಳನ್ನು ರಚಿಸಿ, ಅವನ್ನು ಬಹುಪದಗಳಂತೆ ಕೂಡಿ, ಗುಣಿಸಿ, ಗ⁸ ಬಂದೆಡೆ 1 ಎಂದು ಬರೆದರೆ ಪೂರ್ಣಾಂಕ ಸಂಕುಲವಲಯ ಸಿದ್ಧಿಸುತ್ತದೆ.

ವಲಯದ ಎರಡು ಧಾತುಗಳ ಗುಣಲಬ್ಧ 1 ಆದರೆ ಅವೆರಡೂ ಏಕಕಗಳು. ಸಂಕುಲದ ಧಾತುಗಳೂ ಅವುಗಳ ಋಣರೂಪಗಳೂ ಏಕಕಗಳೆಂಬುದು ಸ್ಪಷ್ಟ. ಇವನ್ನು ಸಹಜ ಏಕಕಗಳೆನ್ನೋಣ. ಇವಲ್ಲದೆ ಬೇರೆ ಏಕಕಗಳುಂಟೆ? ಈ ಎರಡು ಧಾತುಗಳನ್ನು ಪರಿಶೀಲಿಸೋಣ:

ಕ = 2 + ಗ − ಗ³ − ಗ⁴ − ಗ⁵ + ಗ⁷
ಖ = 2 − ಗ + ಗ³ − ಗ⁴ + ಗ⁵ − ಗ⁷

ಚ = 1 − ಗ⁴, ಜ = ಗ + ಗ⁷ ಎಂದಿಟ್ಟುಕೊಂಡರೆ ಕ = 1 + ಚ(1 + ಜ), ಖ = 1 + ಚ(1 − ಜ). ಚ² = 2ಚ, ಚಜ² = 2ಚ ಎಂಬುದನ್ನು ಸುಲಭವಾಗಿ ತಾಳೆನೋಡಬಹುದು. ಆದುದರಿಂದ ಕಖ = 1 + 2ಚ + 2ಚ(1 − ಜ²) = 1 + 2ಚ + 2ಚ − 4ಚ = 1. ಎಂದರೆ, ‘ಕ’ ಸಹಜವಲ್ಲದ ಒಂದು ಏಕಕ.

ಇದು ಆಕಸ್ಮಿಕವಲ್ಲ. ‘ಗ’ದ ಸ್ಥಾನದಲ್ಲಿ 1ರ ಮೂಲಭೂತ ಅಷ್ಟಮ ಮೂಲವನ್ನಿಟ್ಟರೆ ‘ಜ’ದ ಬೆಲೆ √2 ಆಗುತ್ತದೆ, ‘ಕ’ದ ಬೆಲೆ 3 + 2√2. ಇಲ್ಲಿ 3² − 2·2² = 1. ಇದು ನಮ್ಮ ಪ್ರಾಚೀನರ ವರ್ಗಪ್ರಕೃತಿ ಸಮೀಕರಣವೇ. ಒಂದು ಪರಿಹಾರದಿಂದ ಮತ್ತೊಂದನ್ನು ಪಡೆಯುವ ಭಾವನಾ ವಿಧಾನವನ್ನು ಬ್ರಹ್ಮಗುಪ್ತನು 628ರಲ್ಲಿ ಕೊಟ್ಟನು. 1150ರಲ್ಲಿ ಭಾಸ್ಕರಾಚಾರ್ಯನು ಚಕ್ರವಾಲ ವಿಧಾನವನ್ನು ನಿರೂಪಿಸಿದನು. ಭಾವನೆಯಿಂದ 3, 2ರ ಬಳಿಕ 17, 12, ಅನಂತರ 99, 70 ದೊರೆಯುತ್ತವೆ. ಇವು ಕ², ಕ³ಗಳಿಗೆ ಸಂವಾದಿ. ಈ ಸರಣಿಗೆ ಕೊನೆಯಿಲ್ಲವಾಗಿ ‘ಕ’ದ ಯಾವ ಘಾತವೂ 1 ಆಗದು. ಈ ವಲಯದ ಪ್ರತಿಯೊಂದು ಏಕಕವೂ ಒಂದು ಸಹಜ ಏಕಕ ಮತ್ತು ‘ಕ’ದ ಒಂದು ಘಾತ, ಇವುಗಳ ಗುಣಲಬ್ಧವೆಂದು ತಿಳಿದಿದೆ.

ಸಹಜ ಏಕಕಗಳು ಮಾತ್ರ ಇರುವುದು ಯಾವಾಗ? 1940ರಲ್ಲಿ ಗ್ರಹಾಂ ಹಿಗ್ಮನ್ ಇದಕ್ಕೆ ಪೂರ್ಣ ಉತ್ತರವಿತ್ತನು. ಪರಿಮಿತವಾದ ಪರಿವರ್ತನೀಯ ಸಂಕುಲದಲ್ಲಿ ಎಲ್ಲ ಧಾತುಗಳ 4ನೆಯ ಘಾತ, ಇಲ್ಲವೆ ಎಲ್ಲ ಧಾತುಗಳ 6ನೆಯ ಘಾತ 1 ಆದಾಗ ಮಾತ್ರ ಹಾಗಾಗುತ್ತದೆ. ಅಂಥ ಸಂಕುಲಗಳಲ್ಲೆಲ್ಲ, ಪರಿಮಿತ ಕ್ರಮವುಳ್ಳ ಏಕಕಗಳು ಸಹಜವಾದುವೇ ಎಂದೂ ಅವನು ಸಾಧಿಸಿದನು. ಇದು 4, 6ರ ನಿಬಂಧನೆಯಿಲ್ಲದೆ ಪ್ರತಿಯೊಂದು ಪರಿಮಿತ ಪರಿವರ್ತನೀಯ ಸಂಕುಲಕ್ಕೂ ಅನ್ವಯಿಸುತ್ತದೆ. ಇದರ ಫಲ ದೊಡ್ಡದು: ಅಂಥ ಏಕಕಗಳಲ್ಲಿ ಗುಣಕಗಳ ಮೊತ್ತ 1 ಆಗಿರುವುವನ್ನು ಆರಿಸಿದರೆ ಮೂಲ ಸಂಕುಲವೇ ಕೈಗೆ ಬರುತ್ತದೆ. ಪರಿವರ್ತನೀಯ ಸಂಕುಲವನ್ನು ಅದರ ವಲಯವು ಮರೆಯುವುದಿಲ್ಲ.

ಪರಿಮಿತ ಸಂಕುಲಗಳೆಲ್ಲಕ್ಕೂ ಈ ಮಾತು ಸಲ್ಲುವುದೆಂಬ ನಿರೀಕ್ಷೆ ಬಹುಕಾಲವಿದ್ದಿತು. 2001ರಲ್ಲಿ ಪ್ರಕಟವಾದ ಮಾರ್ಟಿನ್ ಹೆರ್ಟ್‌ವೆಕ್‌ನ ಪ್ರತ್ಯುದಾಹರಣೆ ಅದನ್ನು ಅಲ್ಲಗಳೆಯಿತು: 2²¹ · 97²⁸ ಧಾತುಗಳುಳ್ಳ, ಪರಸ್ಪರ ಭಿನ್ನವಾದ ಎರಡು ಸಂಕುಲಗಳಿಗೆ ಏಕರೂಪದ ವಲಯವೇ ಉಂಟು.

ವಿದ್ಯಾರ್ಥಿಗಳು ಗ⁵ = 1 ಎಂದಿಟ್ಟುಕೊಂಡು (ಗ + ಗ⁴ − 1)(ಗ² + ಗ³ − 1) ಎಂಬ ಗುಣಲಬ್ಧವನ್ನು ತಾವೇ ಗಣಿಸಿ ನೋಡಬೇಕು. ಹಿಗ್ಮನ್ನನ ನಿಯಮದಲ್ಲಿ 5ಕ್ಕೆ ಎಡೆಯಿಲ್ಲದಿರುವ ಕಾರಣ ಆಗ ಪ್ರತ್ಯಕ್ಷವಾಗುವುದು.